ಕುಟುಂಬದ ಕಾರಿಗೆ ಆಯುಸ್ಸು ಎಷ್ಟು?
ತೋಟ ಮತ್ತು ಜಯನಗರದ ನಡುವೆ ಓಡಿದ ಒಂದು ಗಾಡಿಯ ಲೆಕ್ಕ

ನಮ್ಮ ಸದಸ್ಯರಲ್ಲಿ ಅನೇಕರಿಗೆ ಈಗ ಎರಡು ಮನೆ. ಒಂದು ತೋಟದಲ್ಲಿ, ಇನ್ನೊಂದು ಬೆಂಗಳೂರಿನಲ್ಲಿ. ಬೆಂಗಳೂರಿನದು ಸ್ವಂತ ಮನೆಯೇ ಆಗಬೇಕೆಂದಿಲ್ಲ. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಲೇಔಟ್ ಕಡೆ ಮಗನೋ ಮಗಳೋ ಹಿಡಿದಿರುವ ಬಾಡಿಗೆ ಮನೆಯಾದರೂ ಆಯಿತು. ಮಕ್ಕಳ ಓದು, ವಯಸ್ಸಾದವರ ಆಸ್ಪತ್ರೆ, ನೆಂಟರ ಮದುವೆ ಎಂದು ವರ್ಷದಲ್ಲಿ ಹಲವು ಸಾರಿ ಹೋಗಿ ಬರುವುದು ತಪ್ಪುವುದಿಲ್ಲ. ಈ ಎರಡು ಮನೆಗಳನ್ನು ಜೋಡಿಸಿರುವುದು ಕುಟುಂಬದ ಕಾರು. ಕಾಫಿ ಗಿಡದ ಆಯುಸ್ಸು, ಅಡಿಕೆ ಮರದ ಆಯುಸ್ಸು ಲೆಕ್ಕ ಹಾಕುವ ನಾವು ಕಾರಿನ ಆಯುಸ್ಸನ್ನು ಮಾತ್ರ ಲೆಕ್ಕ ಹಾಕುವುದಿಲ್ಲ. ಕೆಟ್ಟಾಗ ರಿಪೇರಿ, ಬೇಸರವಾದಾಗ ಮಾರಾಟ. ಇಷ್ಟೇ ನಮ್ಮ ಪದ್ಧತಿ.

2024ರ ಡಿಸೆಂಬರಿನಲ್ಲಿ ನಮ್ಮ ಮನೆಯ ಪೆಟ್ರೋಲ್ ಸೆಡಾನ್ ಕಾರಿಗೆ 15 ವರ್ಷ ತುಂಬಿತು. ಆರ್.ಸಿ. ಅವಧಿಯೂ ಮುಗಿಯಿತು. ಆ ವರ್ಷ ರೊಬಸ್ಟಾಗೆ ಹಿಂದೆಂದೂ ಕಾಣದ ಬೆಲೆ ಬಂದಿತ್ತು. ಅಳಿಯ, "ಮಾವ, ಈಗಲ್ಲದೆ ಇನ್ನಾವಾಗ? ಇದನ್ನು ಗುಜರಿಗೆ ಹಾಕಿ ಹೊಸದು ತೆಗೆದುಬಿಡಿ" ಎಂದರು. ನನಗೂ ಮನಸ್ಸಾಗದೆ ಇರಲಿಲ್ಲ. ಆದರೂ ಹೊಸ ಕಾರಿನ ಅಂಗಡಿಗೆ ಹೋಗುವ ಮೊದಲು ಬನಶಂಕರಿಯಲ್ಲಿ ಈ ಕಾರನ್ನು ವರ್ಷಗಳಿಂದ ನೋಡಿಕೊಂಡಿದ್ದ ಮೆಕ್ಯಾನಿಕ್ ಹತ್ತಿರ ಒಯ್ದೆ. ಅವರು ಬಾನೆಟ್ ಎತ್ತುವ ಮೊದಲು ಕೇಳಿದ್ದು ಒಂದೇ ಮಾತು: "ಸಾರ್, ಪುಸ್ತಕ ತಂದಿದ್ದೀರಾ?"

ಪುಸ್ತಕ ಎಂದರೆ ಒಂದು ಹಳೆಯ ಚೆಕ್‌ರೋಲ್ ಪುಸ್ತಕ. ಕಾರು ಕೊಂಡ ದಿನದಿಂದ ಯಾವ ದಿನ, ಎಷ್ಟು ಕಿ.ಮೀ.ಗೆ, ಯಾವ ಕೆಲಸ, ಎಷ್ಟು ಖರ್ಚು ಎಂದು ಅದರಲ್ಲಿ ಬರೆದಿಟ್ಟಿದ್ದೇನೆ. ಆ ದಿನ ಅದನ್ನು ತಿರುವಿ ಹಾಕಿದಾಗ ತಿಳಿದ ಸಂಗತಿಗಳನ್ನು ಸದಸ್ಯ ಬಾಂಧವರ ಮುಂದಿಡುವುದು ಈ ಲೇಖನದ ಉದ್ದೇಶ.

ಗಾಡಿ ಎಷ್ಟು ಕಾಲ ಬಾಳುತ್ತದೆ?

ನಮ್ಮ ಹಿರಿಯರ ಕಾಲದ ಅಂಬಾಸಡರ್, ಫಿಯಟ್ ಕಾರುಗಳು ಬಹಳ ಕಾಲ ಓಡಿದವು ಎಂಬುದು ನಿಜ. ಆದರೆ ಅವುಗಳ ಎಂಜಿನ್ನನ್ನು ಆಗಾಗ ಬಿಚ್ಚಿ ಬೋರ್ ಮಾಡಿಸಿ, ಪಿಸ್ಟನ್ ರಿಂಗ್ ಬದಲಿಸಿ ಓಡಿಸಬೇಕಾಗಿತ್ತು. ಮುಂಬಯಿಯಲ್ಲಿ ಟ್ಯಾಕ್ಸಿಗಳಿಗೆ 20 ವರ್ಷದ ಮಿತಿ ಇರುವುದರಿಂದ ಅಲ್ಲಿಯ ಕಪ್ಪು ಹಳದಿ ಪ್ರೀಮಿಯರ್ ಪದ್ಮಿನಿಗಳಲ್ಲಿ ಕಡೆಯದು 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟಿತು. ಹಗಲು ರಾತ್ರಿ ದುಡಿದ ಗಾಡಿಗಳೇ ಅಷ್ಟು ಬಾಳಿದ ಮೇಲೆ ಮನೆ ಮಂದಿ ಓಡಿಸುವ ಕಾರು ಹತ್ತು ವರ್ಷಕ್ಕೆ ಮುದಿಯಾಯಿತು ಎನ್ನುವುದರಲ್ಲಿ ಅರ್ಥವಿಲ್ಲ.

ಇತ್ತೀಚಿನ ಎಂಜಿನ್ನುಗಳು ಇನ್ನೂ ಗಟ್ಟಿ. ಬೆಂಗಳೂರಿನ ಪಕ್ಕದ ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 2010ರಿಂದ 2020ರವರೆಗೆ ತಯಾರಾದ ಎಟಿಯೋಸ್ ಸೆಡಾನ್, ಮಾರುತಿಯ ಡಿಜೈರ್ ಮುಂತಾದವು ಬೆಂಗಳೂರಿನಲ್ಲಿ ಟ್ಯಾಕ್ಸಿಗಳಾಗಿ ದುಡಿದಿವೆ. ಮೀಟರಿನಲ್ಲಿ 3 ಲಕ್ಷ ಕಿ.ಮೀ. ದಾಟಿದ ಟ್ಯಾಕ್ಸಿ ಅಪರೂಪವಲ್ಲ. ದೂರದ ಅಮೆರಿಕದಲ್ಲಿ ಇರ್ವ್ ಗಾರ್ಡನ್ ಎಂಬ ಶಾಲಾ ಶಿಕ್ಷಕರು 1966ರಲ್ಲಿ ಕೊಂಡ ವೋಲ್ವೋ ಕಾರನ್ನು 2013ರ ಹೊತ್ತಿಗೆ 30 ಲಕ್ಷ ಮೈಲಿ ಓಡಿಸಿ ಗಿನ್ನೆಸ್ ದಾಖಲೆಗೆ ಸೇರಿದರು. ತಯಾರಕರ ಪುಸ್ತಕದಲ್ಲಿ ಹೇಳಿದ ಕೆಲಸವನ್ನು ಹೇಳಿದ ಹೊತ್ತಿಗೆ ಮಾಡಿದ್ದೇ ಅವರ ಗುಟ್ಟು.

ನಮ್ಮಂಥ ಕುಟುಂಬದ ಕಾರು ಕ್ರಮವಾಗಿ ನೋಡಿಕೊಂಡರೆ 15 ವರ್ಷ ಧಾರಾಳವಾಗಿ, 20 ವರ್ಷ ಸ್ವಲ್ಪ ಎಚ್ಚರದಿಂದ, ಎರಡರಿಂದ ಮೂರು ಲಕ್ಷ ಕಿ.ಮೀ. ಓಡಬಲ್ಲದು. ಆದರೆ ತೋಟದಲ್ಲಿ ಅದನ್ನು ಕೊಲ್ಲುವ ಕಾರಣ ಬೇರೆ, ಜಯನಗರದಲ್ಲಿ ಕೊಲ್ಲುವ ಕಾರಣ ಬೇರೆ. ನಮ್ಮ ಕಾರು ಎರಡನ್ನೂ ಕಂಡಿದೆ.

ತೋಟದ ಏಳು ವರ್ಷ

ಮೊದಲ ಏಳು ವರ್ಷ ಕಾರು ಕೊಪ್ಪದ ತೋಟದ ಮನೆಯಲ್ಲಿತ್ತು. ವರ್ಷಕ್ಕೆ ಸುಮಾರು 18,000 ಕಿ.ಮೀ.ಯಂತೆ 1,26,000 ಕಿ.ಮೀ. ಓಡಿತು. ಎಂಜಿನ್ನಿಗೆ ಏನೂ ಆಗಲಿಲ್ಲ. ಪೆಟ್ಟು ಬಿದ್ದದ್ದು ತಗಡಿಗೆ.

2013ರ ಮುಂಗಾರಿನ ಮುಂಚೆ ಕೊಳೆರೋಗದ ಔಷಧಿಗೆಂದು ಮೈಲುತುತ್ತದ ಚೀಲವನ್ನು ಡಿಕ್ಕಿಯಲ್ಲಿ ತಂದಿದ್ದೆವು. ಚೀಲ ಒಡೆದು ಸ್ವಲ್ಪ ಚೆಲ್ಲಿತ್ತು. ಗುಡಿಸಿ ಸುಮ್ಮನಾದೆವು. ಎರಡು ವರ್ಷದ ಮೇಲೆ ಸ್ಟೆಪ್ನಿ ತೆಗೆಯಲು ಚಾಪೆ ಎತ್ತಿದರೆ ಹೆಬ್ಬೆರಳು ತೂರುವಷ್ಟು ತೂತು! ಬೋರ್ಡೋ ದ್ರಾವಣಕ್ಕೆ ಚಾಕು ಅದ್ದಿ ನೋಡುವುದು ನಮಗೆಲ್ಲ ಗೊತ್ತು. ಅಲಗಿನ ಮೇಲೆ ಕೆಂಪು ಕೂತರೆ ಸುಣ್ಣ ಸಾಲದು ಎಂದು ಅರ್ಥ. ತಾಮ್ರ ಕಬ್ಬಿಣದ ಮೇಲೆ ಕೂರುತ್ತದೆ, ಕಬ್ಬಿಣ ಕರಗುತ್ತದೆ. ಔಷಧಿಯನ್ನು ಕಬ್ಬಿಣದ ಡ್ರಮ್ಮಿನಲ್ಲಿ ಕಲಸಬಾರದು ಎನ್ನುವುದೂ ಇದಕ್ಕೇ. ಚಾಕುವಿನ ಮೇಲೆ ನಿಮಿಷದಲ್ಲಿ ಕಾಣುವ ಕೆಲಸ ತೇವದ ಡಿಕ್ಕಿಯಲ್ಲಿ ಎರಡು ವರ್ಷ ನಡೆದಿತ್ತು. ಪೊಟ್ಯಾಷ್ ಗೊಬ್ಬರವೂ ಹೀಗೆಯೇ. ಅದು ಉಪ್ಪಿನ ಜಾತಿ, ತೇವ ಹೀರಿ ತಗಡನ್ನು ತಿನ್ನುತ್ತದೆ. ಗೊಬ್ಬರ, ಮೈಲುತುತ್ತಗಳಿಗೆ ಜೀಪು ಇದೆ, ಪಿಕಪ್ ಇದೆ. ಕಾರಿನಲ್ಲಿ ತರಲೇಬೇಕಾದರೆ ಕೆಳಗೆ ದಪ್ಪ ತಾಡಪಾಲು ಹಾಸಿ, ಅದೇ ದಿನ ಡಿಕ್ಕಿ ತೊಳೆದು ಒಣಗಿಸಬೇಕು.

ಮಳೆಗಾಲದ ಕೆಸರಿನದು ಇನ್ನೊಂದು ಕಾಟ. ಚಕ್ರದ ಮೇಲಿನ ಕಮಾನಿನಲ್ಲಿ, ಬಾಗಿಲ ಕೆಳಗಿನ ಪಟ್ಟಿಯಲ್ಲಿ ಮೆತ್ತಿದ ಮಣ್ಣು ದೀಪಾವಳಿಯವರೆಗೂ ಒಣಗುವುದಿಲ್ಲ. ತುಕ್ಕು ಅರಾಬಿಕಾ ಗಿಡದ ಕಾಂಡಕೊರಕದ ಹಾಗೆ: ಹೊರಗೆ ಕಾಣುವ ಹೊತ್ತಿಗೆ ಒಳಗೆ ಕೆಲಸ ಮುಗಿದಿರುತ್ತದೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಗಾಡಿಯ ಅಡಿಭಾಗಕ್ಕೆ ನೀರು ಹೊಡೆಸಿ ಕೆಸರು ಬಿಡಿಸಬೇಕು. ಬಾಗಿಲ ಕೆಳಗಂಚಿನಲ್ಲಿ ನೀರು ಹೋಗಲು ಇರುವ ಸಣ್ಣ ತೂತುಗಳನ್ನು ಕಡ್ಡಿಯಿಂದ ಬಿಡಿಸಬೇಕು. ಮಳೆ ಮುಗಿದ ಮೇಲೆ ಗಾಡಿಯನ್ನು ಎತ್ತಿಸಿ ಅಡಿಭಾಗ ನೋಡಿಸಿ, ತುಕ್ಕು ಕಂಡಲ್ಲಿ ಕೆರೆಸಿ ಬಳಿಸಬೇಕು. ಇಲಿಯ ಉಪದ್ರವ ಇರುವ ಕಡೆ ವಾರಕ್ಕೊಮ್ಮೆ ಬಾನೆಟ್ ತೆಗೆದು ವೈರು ನೋಡುವುದು ಒಳ್ಳೆಯದು.

ಜಯನಗರದ ಎಂಟು ವರ್ಷ

2017ರಲ್ಲಿ ಮಗಳ ಸಂಸಾರ ಜಯನಗರಕ್ಕೆ ಬಂದಾಗ ಕಾರನ್ನು ಅಲ್ಲಿಯೇ ಬಿಟ್ಟೆವು. ಟಾರು ರಸ್ತೆ, ಘಾಟಿ ಇಲ್ಲ, ಕೆಸರಿಲ್ಲ; ಇನ್ನು ಗಾಡಿಗೆ ವಿಶ್ರಾಂತಿ ಎಂದುಕೊಂಡೆವು. ಎಂಟು ವರ್ಷದಲ್ಲಿ ಓಡಿದ್ದು ವರ್ಷಕ್ಕೆ 7,000ದಂತೆ 56,000 ಕಿ.ಮೀ. ಮಾತ್ರ. ಆದರೆ ಎಂಜಿನ್ನಿಗೆ ಪೆಟ್ಟು ಬಿದ್ದದ್ದು ಇಲ್ಲಿಯೇ.

ಕಾರಣ ಸರಳ. ಮೀಟರು ಕಿಲೋಮೀಟರನ್ನು ಎಣಿಸುತ್ತದೆ, ಗಂಟೆಯನ್ನು ಎಣಿಸುವುದಿಲ್ಲ. ಮಲೆನಾಡಿನ ದಾರಿಯಲ್ಲಿ ಸರಾಸರಿ ಗಂಟೆಗೆ 40 ಕಿ.ಮೀ. ಎಂದಿಟ್ಟುಕೊಂಡರೆ 1,26,000 ಕಿ.ಮೀ.ಗೆ ಎಂಜಿನ್ ದುಡಿದದ್ದು 3,150 ಗಂಟೆ. ಬಿ.ಟಿ.ಎಂ. ಲೇಔಟ್, ಸಿಲ್ಕ್ ಬೋರ್ಡ್ ಕಡೆಯ ಸಂದಣಿಯಲ್ಲಿ ಗಂಟೆಗೆ 15 ಕಿ.ಮೀ. ಎಂದರೆ 56,000 ಕಿ.ಮೀ.ಗೆ 3,700 ಗಂಟೆಗೂ ಮಿಗಿಲು! ಅರ್ಧಕ್ಕಿಂತ ಕಡಮೆ ದೂರ, ಆದರೆ ಹೆಚ್ಚು ದುಡಿಮೆ. ಅದೂ ನಿಂತಲ್ಲೇ ನಿಂತು, ಗಾಳಿ ತಾಗದೆ, ಕ್ಲಚ್ ಒತ್ತಿ ಬಿಟ್ಟು ಒತ್ತಿ ಬಿಟ್ಟು.

ಎರಡನೆಯದು ಗಿಡ್ಡ ಓಡಾಟ. ಜೆ.ಪಿ. ನಗರದಲ್ಲಿ ಮಗುವಿನ ಶಾಲೆ, ಜಯನಗರ 4ನೇ ಬ್ಲಾಕಿನಲ್ಲಿ ತರಕಾರಿ. ಎಲ್ಲ ಮೂರು ನಾಲ್ಕು ಕಿ.ಮೀ. ಒಳಗೆ. ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ಆರಿಸುತ್ತೇವೆ. ಒಳಗೆ ಹುಟ್ಟಿದ ನೀರಾವಿ, ಉರಿಯದೆ ಉಳಿದ ಪೆಟ್ರೋಲು ಆಯಿಲ್ಲಿನಲ್ಲೇ ಸೇರಿಕೊಳ್ಳುತ್ತವೆ. ದೂರದ ಓಟದಲ್ಲಾದರೆ ಆ ತೇವ ಕಾದು ಆರಿಹೋಗುತ್ತದೆ. "ಕಿಲೋಮೀಟರ್ ಆಗಿಲ್ಲವಲ್ಲ ಅಪ್ಪ" ಎಂದು ಮಗಳು ಎರಡು ವರ್ಷ ಆಯಿಲ್ ಬದಲಿಸಿರಲಿಲ್ಲ. 2019ರಲ್ಲಿ ಆಯಿಲ್ ಮುಚ್ಚಳ ತೆಗೆದಾಗ ಒಳಗೆ ಜೋನಿಬೆಲ್ಲದ ಹಾಗೆ ಕರಿಯ ಅಂಟು. ಇನ್ನೊಂದು ಆರು ತಿಂಗಳು ಬಿಟ್ಟಿದ್ದರೆ ಎಂಜಿನ್ನೇ ಹಿಡಿದುಕೊಳ್ಳುತ್ತಿತ್ತು ಎಂದರು ಮೆಕ್ಯಾನಿಕ್. ಆಯಿಲ್ ತಳದ ಪಾತ್ರೆ ಬಿಚ್ಚಿ ತೊಳೆಸಿ, ಬೇಗ ಬೇಗ ಎರಡು ಸಾರಿ ಆಯಿಲ್ ಬದಲಿಸಿ ಉಳಿಸಿಕೊಂಡೆವು.

ಮೂರನೆಯದು ನಿಂತ ಗಾಡಿಯ ರೋಗ. ಬೇಸಿಗೆ ರಜೆಯಲ್ಲಿ ಮನೆ ಮಂದಿ ತೋಟಕ್ಕೆ ಬಂದರೆ ಕಾರು ಒಂದೂವರೆ ತಿಂಗಳು ಬೀದಿಯ ಮರದಡಿ ನಿಲ್ಲುತ್ತದೆ. ಬ್ಯಾಟರಿ ಇಳಿಯುತ್ತದೆ. ಉದುರಿದ ಎಲೆ ಹೂವು ಮುಂದಿನ ಗಾಜಿನ ಬುಡದ ನೀರಿನ ದಾರಿ ಮುಚ್ಚಿ, ಮೊದಲ ಮಳೆಗೆ ನೀರು ಕಾಲಡಿಗೆ ಬರುತ್ತದೆ. ಹ್ಯಾಂಡ್‌ಬ್ರೇಕ್ ಎಳೆದಿಟ್ಟರೆ ಹಿಂದಿನ ಬ್ರೇಕು ತುಕ್ಕಿನಿಂದ ಕಚ್ಚಿಕೊಳ್ಳುತ್ತದೆ. ಆದುದರಿಂದ ಸಮತಟ್ಟಾದ ಜಾಗದಲ್ಲಿ ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು, ಬ್ಯಾಟರಿಯ ನೆಗೆಟಿವ್ ವೈರು ಕಳಚಿ ಬರಬೇಕು. ಊರಲ್ಲೇ ಇರುವವರು ತಿಂಗಳಿಗೆ ಎರಡು ಸಾರಿಯಾದರೂ ಕನಕಪುರ ರಸ್ತೆಯಲ್ಲೋ ನೈಸ್ ರಸ್ತೆಯಲ್ಲೋ ಒಂದು ಗಂಟೆ ಬಿಡದೆ ಓಡಿಸಿ ಬಂದರೆ ಎಂಜಿನ್ನಿಗೆ ಔಷಧಿ ಕೊಟ್ಟಂತೆ.

ತಪ್ಪದೆ ಮಾಡತಕ್ಕ ಕೆಲಸಗಳು

ತಯಾರಕರ ಪುಸ್ತಕದಲ್ಲಿ ಹೇಳಿದ್ದೇ ಮೊದಲ ಪ್ರಮಾಣ. ಪುಸ್ತಕ ಕಳೆದುಕೊಂಡವರು ಈ ಕೆಳಗಿನವುಗಳನ್ನು ನೆನಪಿಡಬಹುದು.

1. ಎಂಜಿನ್ ಆಯಿಲ್: ಸಿಂಥೆಟಿಕ್ ಆದರೆ 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಸಾದಾ ಆಯಿಲ್ ಆದರೆ 5,000 ಕಿ.ಮೀ. ನಗರದಲ್ಲೇ ಓಡುವ ಗಾಡಿಗೆ ಕಿಲೋಮೀಟರ್ ನೋಡಬೇಡಿ, ತಿಂಗಳು ನೋಡಿ. ಫಿಲ್ಟರನ್ನೂ ಜೊತೆಗೇ ಬದಲಿಸಬೇಕು.

2. ಕೂಲೆಂಟ್: ರೇಡಿಯೇಟರಿಗೆ ಹಳ್ಳದ ನೀರು, ಬೋರ್‌ವೆಲ್ ನೀರು ಹಾಕುವ ಅಭ್ಯಾಸ ಬಿಡಬೇಕು. ಗಡಸು ನೀರಿನ ಉಪ್ಪು ಒಳಗೆ ಕಟ್ಟಿಕೊಳ್ಳುತ್ತದೆ. ಇಂದಿನ ಎಂಜಿನ್ನುಗಳ ಮೇಲುಭಾಗ ಅಲ್ಯೂಮಿನಿಯಂ. ಒಮ್ಮೆ ಅತಿಯಾಗಿ ಕಾದರೆ ಸೊಟ್ಟಗಾಗುತ್ತದೆ. ಘಾಟಿಯಲ್ಲಿ ಬಿಸಿಯ ಸೂಚನೆ ಕಂಡ ಕೂಡಲೆ ನಿಲ್ಲಿಸಿ ಆರಿಸಬೇಕು. "ಮುಂದಿನ ಊರಿನವರೆಗೆ ಹೋಗೋಣ" ಎಂದವರು ಎಂಜಿನ್ ಬಿಚ್ಚಿಸಿದ್ದಾರೆ. ಬಿಸಿ ಇರುವಾಗ ಮುಚ್ಚಳ ತೆಗೆಯಬಾರದು.

3. ಟೈಮಿಂಗ್ ಬೆಲ್ಟ್: ಕೆಲವು ಎಂಜಿನ್ನುಗಳಲ್ಲಿ ಸರಪಳಿ ಇದೆ, ಕೆಲವದರಲ್ಲಿ ರಬ್ಬರ್ ಬೆಲ್ಟು. ನಿಮ್ಮದು ಯಾವುದೆಂದು ಮೊದಲು ಕೇಳಿ ತಿಳಿಯಿರಿ. ಬೆಲ್ಟು ಇದ್ದರೆ ಹೇಳಿದ ಕಾಲಕ್ಕೆ ಬದಲಿಸಲೇಬೇಕು. ಅದು ಹರಿದರೆ ಅನೇಕ ಎಂಜಿನ್ನುಗಳಲ್ಲಿ ಪಿಸ್ಟನ್ನು ವಾಲ್ವಿಗೆ ಬಡಿದು ಎಲ್ಲ ಹಾಳಾಗುತ್ತದೆ. ಮುನ್ಸೂಚನೆಯೂ ಇರುವುದಿಲ್ಲ.

4. ಬ್ರೇಕ್ ಆಯಿಲ್: ಇದು ಗಾಳಿಯ ತೇವ ಹೀರುವ ಪದಾರ್ಥ. ತೇವ ಸೇರಿದ ಆಯಿಲ್ ಘಾಟಿ ಇಳಿಯುವಾಗ ಕಾದು ಕುದಿದರೆ ಪೆಡಲ್ ಮೆತ್ತಗಾಗಿ ಬ್ರೇಕ್ ಹಿಡಿಯದು. ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಖರ್ಚು ಅಲ್ಪ, ಕೆಲಸ ಪ್ರಾಣದ್ದು.

5. ಟಯರು: ಪಟ್ಟಿ ಚೆನ್ನಾಗಿದೆ ಎಂದು ಮೋಸಹೋಗಬಾರದು. ಕಡಮೆ ಓಡುವ ಗಾಡಿಯ ಟಯರು ಸವೆಯುವ ಮೊದಲೇ ಗಡುಸಾಗಿ ಬಿರಿಯುತ್ತದೆ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಆರು ವರ್ಷ ದಾಟಿದ ಟಯರಿನಲ್ಲಿ ದೂರ ಪ್ರಯಾಣ ಬೇಡ.

6. ಪೆಟ್ರೋಲ್ ಪೈಪು: ದೇಶದಲ್ಲಿ ಪೆಟ್ರೋಲಿಗೆ ಬೆರೆಸುವ ಎಥನಾಲ್ ಪ್ರಮಾಣ 2025ರಲ್ಲಿ ಶೇ. 20ಕ್ಕೆ ಮುಟ್ಟಿತು. ಹಳೆಯ ಗಾಡಿಗಳ ರಬ್ಬರ್ ಪೈಪು, ವಾಷರುಗಳು ಇದಕ್ಕೆಂದು ಮಾಡಿದವಲ್ಲ. ಪ್ರತಿ ಸರ್ವೀಸಿನಲ್ಲಿ ಬಿರುಕು, ಒಸರು ನೋಡಿಸಿ. ಪೆಟ್ರೋಲ್ ವಾಸನೆ ಬಂದರೆ ಅದೇ ದಿನ ತೋರಿಸಿ.

15 ವರ್ಷವಾದ ಮೇಲೆ ಕಾನೂನು ಏನು?

"15 ವರ್ಷವಾದರೆ ಸರ್ಕಾರವೇ ಗಾಡಿ ಎತ್ತಿಕೊಂಡು ಹೋಗುತ್ತದೆ" ಎಂಬ ಮಾತು ನಮ್ಮ ಕಡೆ ಹಬ್ಬಿದೆ. ಇದು ದೆಹಲಿ ವಲಯದ ನಿರ್ಬಂಧಗಳ ಸುದ್ದಿಯಿಂದ ಹುಟ್ಟಿದ ಭಯ. ಆ ನಿರ್ಬಂಧಗಳು ಕರ್ನಾಟಕದ ಸ್ವಂತ ಉಪಯೋಗದ ಕಾರುಗಳಿಗೆ ಅನ್ವಯಿಸುವುದಿಲ್ಲ. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಸ್ವಂತ ಕಾರಿನ ನೋಂದಣಿ 15 ವರ್ಷಕ್ಕೆ. ಆಮೇಲೆ ಗಾಡಿ ಯೋಗ್ಯವಾಗಿದ್ದರೆ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬಹುದು. ಅವಧಿ ಮುಗಿಯುವ 60 ದಿನಗಳ ಒಳಗೆ 25ನೇ ನಮೂನೆಯಲ್ಲಿ ಅರ್ಜಿ ಹಾಕಿ ಗಾಡಿಯನ್ನು ಆರ್.ಟಿ.ಓ. ಕಚೇರಿಯಲ್ಲಿ ತೋರಿಸಬೇಕು. ಕಾರಿಗೆ ನವೀಕರಣ ಶುಲ್ಕ 2022ರ ಏಪ್ರಿಲಿನಿಂದ 5,000 ರೂಪಾಯಿ. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟಿನಿಂದ 10,000 ರೂಪಾಯಿ. ರಾಜ್ಯದ ಹಸಿರು ತೆರಿಗೆ ಪ್ರತ್ಯೇಕ. ತಡಮಾಡಿದರೆ ತಿಂಗಳಿಗೆ 500 ರೂಪಾಯಿ ಹೆಚ್ಚುವರಿ. ವಿಮೆ, ಹೊಗೆ ತಪಾಸಣೆ ಪತ್ರ, ಹೊಸ ಮಾದರಿಯ ನಂಬರ್ ಪ್ಲೇಟ್ ಸರಿ ಇರಬೇಕು. ನಮ್ಮಲ್ಲಿ ಅನೇಕರ ಕಾರುಗಳಿಗೆ ಊರಿನ ನಂಬರು, ಓಡುವುದು ಜಯನಗರದಲ್ಲಿ. ಅಂಥವರು ವಿಳಾಸದ ವಿಷಯವನ್ನು ಆರು ತಿಂಗಳು ಮೊದಲೇ ವಿಚಾರಿಸಿಕೊಳ್ಳುವುದು ಲೇಸು.

ದುಡ್ಡಿನ ಲೆಕ್ಕ

ಈಗ ನಮ್ಮ ಕಾರಿನ ಮಾತಿಗೆ ಬರೋಣ. ಮೆಕ್ಯಾನಿಕ್ ಬರೆದುಕೊಟ್ಟ ಪಟ್ಟಿ ಹೀಗಿತ್ತು: ನಾಲ್ಕು ಟಯರು 18,000, ಸಸ್ಪೆನ್ಷನ್ 16,000, ಅಡಿಭಾಗದ ತುಕ್ಕು ಮತ್ತು ಬಣ್ಣ 15,000, ಕ್ಲಚ್ 12,000, ಬ್ರೇಕು 6,000, ಪೈಪುಗಳು 5,000. ಒಟ್ಟು 72,000 ರೂಪಾಯಿ. ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಎಲ್ಲ ಸಾಮಾನೂ ಸಿಕ್ಕಿತು.

"ಇಷ್ಟು ಹಳೆಯ ಗಾಡಿಗೆ ಮುಕ್ಕಾಲು ಲಕ್ಷವೇ?" ಎಂದರು ಅಳಿಯ. ಇನ್ನೊಂದು ಪಕ್ಕದ ಲೆಕ್ಕವನ್ನೂ ಕೂತು ಹಾಕಿದೆವು. ಹೊಸ ಕಾರಿಗೆ 8 ಲಕ್ಷ ಸಾಲವನ್ನು ಶೇ. 9ರ ಬಡ್ಡಿಯಲ್ಲಿ ಐದು ವರ್ಷಕ್ಕೆ ತೆಗೆದರೆ ತಿಂಗಳ ಕಂತು ಸುಮಾರು 16,600. ವರ್ಷಕ್ಕೆ 2 ಲಕ್ಷದ ಹತ್ತಿರ. ಬಡ್ಡಿಯೇ ಐದು ವರ್ಷಕ್ಕೆ 1 ಲಕ್ಷ 96 ಸಾವಿರ. ನಮ್ಮ ಪಟ್ಟಿಯ ಖರ್ಚು ಐದು ತಿಂಗಳ ಕಂತಿಗಿಂತ ಕಡಮೆ.

ಸಂಬಳದವರಿಗೆ ಕಂತು ಹೊರೆಯಲ್ಲದಿರಬಹುದು. ನಮ್ಮ ವಿಷಯ ಬೇರೆ. ನಮಗೆ ಹಣ ಬರುವುದು ವರ್ಷಕ್ಕೊಮ್ಮೆ, ಕಾಫಿ ಕೊಯ್ಲು, ಅಡಿಕೆ ಸುಲಿತ ಮುಗಿದ ಮೇಲೆ. ಕಂತು ಬರುವುದು ತಿಂಗಳಿಗೊಮ್ಮೆ. ಬೆಲೆ ಏರಿದ ವರ್ಷ ಕೊಂಡ ಕಾರಿಗೆ ಬೆಲೆ ಇಳಿದ ವರ್ಷವೂ ಕಂತು ಕಟ್ಟಬೇಕು. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಮುರಿದು ಬಿದ್ದಾಗ ವಿಶ್ವದ ಬೆಲೆ ಹೇಗೆ ಕುಸಿಯಿತು, 1970ರ ದಶಕದ ಆರಂಭದಲ್ಲಿ ಅಡಿಕೆ ಬೆಲೆ ಬಿದ್ದು 1973ರಲ್ಲಿ ಕ್ಯಾಂಪ್ಕೋ ಹುಟ್ಟಬೇಕಾಯಿತು ಎಂಬುದನ್ನು ಹಿರಿಯ ಸದಸ್ಯರು ಮರೆತಿಲ್ಲ. ಗಾಳಿ ಬಂದಾಗ ತೂರಿಕೊ ಎಂಬ ಗಾದೆ ನಿಜ. ಆದರೆ ತೂರಿದ ಕಾಳು ಕಣಜ ಸೇರಬೇಕು. ಆ ವರ್ಷದ ಮಿಗುತಾಯದಲ್ಲಿ ನಾವು ಕೆರೆಯ ಹೂಳು ತೆಗೆಸಿದೆವು. ಕಾರನ್ನು ರಿಪೇರಿ ಮಾಡಿಸಿ, ಆರ್.ಸಿ.ಯನ್ನು 2029ರವರೆಗೆ ನವೀಕರಿಸಿದೆವು.

ಬಿಡುವ ಕಾಲ ಯಾವುದು?

ಹಾಗೆಂದು ಹಳೆಯ ಗಾಡಿಯನ್ನು ಕಣ್ಣುಮುಚ್ಚಿ ಇಟ್ಟುಕೊಳ್ಳಿ ಎಂದು ಹೇಳುತ್ತಿಲ್ಲ. ಮೂರು ಸಂದರ್ಭಗಳಲ್ಲಿ ಬಿಡಲೇಬೇಕು. ಸಸ್ಪೆನ್ಷನ್ ಕೂಡುವ ಜಾಗದಲ್ಲಿ, ಅಡಿ ಚೌಕಟ್ಟಿನಲ್ಲಿ ತುಕ್ಕು ತಿಂದಿದ್ದರೆ ಮೇಲೆ ಎಷ್ಟು ಬಣ್ಣ ಬಳಿದರೂ ಅದು ಸವಾರಿಗೆ ಯೋಗ್ಯವಲ್ಲ. ಬೇಕಾದ ಸಾಮಾನು ಸಿಗದೆ ಗುಜರಿಯ ಹಳೆಯ ಬ್ರೇಕು, ಸ್ಟಿಯರಿಂಗ್ ಭಾಗ ಹಾಕಬೇಕಾಗಿ ಬಂದರೆ ಅಲ್ಲಿಗೆ ಸಾಕು. ಸತತ ಎರಡು ವರ್ಷ ರಿಪೇರಿಯ ಖರ್ಚು ಗಾಡಿಯ ಮಾರಾಟದ ಬೆಲೆಗಿಂತ ಹೆಚ್ಚಾದರೂ ಹಾಗೆಯೇ.

ಇನ್ನೊಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಎಷ್ಟು ಸರ್ವೀಸ್ ಮಾಡಿಸಿದರೂ ಹಳೆಯ ಕಾರಿಗೆ ಇಲ್ಲದ ಏರ್‌ಬ್ಯಾಗು, ಎ.ಬಿ.ಎಸ್. ಬ್ರೇಕು ಬರುವುದಿಲ್ಲ. ಇವು ಎಲ್ಲ ಹೊಸ ಕಾರುಗಳಿಗೆ ಕಡ್ಡಾಯವಾದದ್ದು 2019ರಿಂದ ಈಚೆಗೆ ಹಂತಹಂತವಾಗಿ. ನಮ್ಮ ಕಾರಿನಲ್ಲಿ ಅವಿಲ್ಲ. ಆದುದರಿಂದ ಒಂದು ಒಪ್ಪಂದ ಮಾಡಿಕೊಂಡಿದ್ದೇವೆ. ಕಾರು ಬನಶಂಕರಿ, ಜೆ.ಪಿ. ನಗರದ ಓಡಾಟಕ್ಕೆ, ಮೊಮ್ಮಕ್ಕಳನ್ನು ಕೂರಿಸಿಕೊಂಡು ರಾತ್ರಿ ಹೆದ್ದಾರಿ ಪ್ರಯಾಣ ಅದರಲ್ಲಿ ಇಲ್ಲ, ಅದಕ್ಕೆ ರೈಲೋ ಬಸ್ಸೋ. 2029ರಲ್ಲಿ ಕಾರಿಗೆ 20 ವರ್ಷ ತುಂಬಿದಾಗ, ಕಂತಿನ ಹಣದಲ್ಲಿ ಉಳಿಸಿದ್ದನ್ನು ಸೇರಿಸಿ, ಸಾಲವಿಲ್ಲದೆ ಹೊಸದು ಕೊಳ್ಳುವುದೆಂದು ನಿಶ್ಚಯ.

ಮೆಕ್ಯಾನಿಕ್ ಪುಸ್ತಕ ಹಿಂದಿರುಗಿಸುವಾಗ, "ಗಾಡಿ ಮಾರುವುದಾದರೂ ಇದನ್ನು ಜೊತೆಗೆ ಕೊಡಿ ಸಾರ್, ಎಂಜಿನ್ನಿಗಿಂತ ಇದಕ್ಕೇ ಬೆಲೆ" ಎಂದರು. ಸದಸ್ಯ ಬಾಂಧವರು ಇಂದೇ ಒಂದು ನೋಟುಪುಸ್ತಕ ತೆಗೆದು ತಮ್ಮ ಕಾರಿನ ಈಗಿನ ಕಿ.ಮೀ., ಕಳೆದ ಆಯಿಲ್ ಬದಲಾವಣೆಯ ದಿನ, ಟಯರಿನ ನಾಲ್ಕು ಅಂಕಿ, ಆರ್.ಸಿ. ಮುಗಿಯುವ ದಿನ, ಈ ನಾಲ್ಕನ್ನು ಬರೆದಿಟ್ಟರೆ ಈ ಲೇಖನದ ಶ್ರಮ ಸಾರ್ಥಕ.